ಗುಂಡನಿಗೊಂದು ರೂಮು

ನಮ್ಮ ಮನೆಗೆ ಹೊಸ ಸೊಸೆ ಬಂದಳು. ಅವಳ ಜೊತೆ ಎರಡು ಸೂಟ್‌ಕೇಸು, ಒಂದು ಬೀರು, ಮತ್ತು ಒಂದು ಹೆಡ್ಜ್‌ಹಾಗ್ ಬಂದವು.

ಗಾಬರಿಯಾಗಬೇಡಿ. ಅಂಗೈಯಗಲದ ಪ್ರಾಣಿ. ಮೈತುಂಬ ಮುಳ್ಳು, ಇಲಿಯಂಥ ಮೂತಿ. (ನಮ್ಮ ಕಾಡಿನ ಮುಳ್ಳುಹಂದಿಯಲ್ಲ, ಪರದೇಶದ ಸಾಕು ತಳಿ. ಕಾಗದಪತ್ರವೂ ಇದೆ.) ಹೆಸರು ಗುಂಡ. ಮಳವಳ್ಳಿಯ ತವರಿನಲ್ಲಿ ಸ್ಫೂರ್ತಿ ಅದನ್ನು ಮಗುವಿನಂತೆ ಸಾಕಿದ್ದಳು.

ಗುತ್ತಲಿನ ನಮ್ಮ ಮನೆ ದೊಡ್ಡದೇ. ಇನ್ವರ್ಟರ್‌ಗೆ ಒಂದು ಮೂಲೆ, ಚಪ್ಪಲಿಗೊಂದು ಸ್ಟ್ಯಾಂಡು, ಯಾರೂ ಓಡದ ಟ್ರೆಡ್‌ಮಿಲ್‌ಗೆ ಇಡೀ ಒಂದು ರೂಮು. ಇಷ್ಟಿರುವಾಗ ಗುಂಡನಿಗೆ ಜಾಗ ಸಿಗುವುದಿಲ್ಲವೇ?

ಸಿಗಲಿಲ್ಲ. ಹೊಳಲಿನಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ ಬಾಗಿಲಲ್ಲೇ ತಡೆದರು. "ಮುಳ್ಳು ಮನೆ ಒಳಿಕ್ಕೆ ಬಂದ್ರೆ ಜಗಳ ಆಯ್ತದೆ ಕಣವ್ವ. ಆಚೆಗೆ ಮಡಗು." ಮುಳ್ಳುಹಂದಿಯ ಮುಳ್ಳು ಮನೆಯಲ್ಲಿದ್ದರೆ ಮನೆಯವರು ಕಚ್ಚಾಡುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಗುಂಡ ಆ ಜಾತಿಯಲ್ಲ ಎಂದು ಯಾರು ಹೇಳಿದರೂ ಅವರು ಕೇಳಲಿಲ್ಲ.

ಹೊಸ ಸೊಸೆ ಎದುರು ಮಾತಾಡುತ್ತಾಳೆಯೇ? ಗುಂಡ ವರಾಂಡಕ್ಕೆ ಹೋದ.

ಅಲ್ಲಿಂದ ಶುರು ನೋಡಿ. ನನ್ನ ಮಗ ಗಿಳಿ ಪಂಜರ ತಂದ. ಅದರ ತಂತಿಯ ತಳದಲ್ಲಿ ಗುಂಡನ ಕಾಲು ಸಿಕ್ಕಿಕೊಂಡಿತು. ನಮ್ಮ ಯಜಮಾನರು ಹಳೆಯ ಮೀನಿನ ತೊಟ್ಟಿಯೇ ವಾಸಿ ಎಂದರು. ಗಾಜಿನೊಳಗೆ ಗಾಳಿ ಎಲ್ಲಿ ಆಡುತ್ತೆ ಎಂದು ಮಗ ರೇಗಿದ. ನಡುವೆ ಬಾಯಿ ಹಾಕಿ ನಾನೂ ಬೈಸಿಕೊಂಡೆ. "ನಾನ್ ಏಳ್ನಿಲ್ವಾ?" ಎಂದರು ಅತ್ತೆ, ಗೆದ್ದವರ ಹಾಗೆ.

ಕೊನೆಗೆ ಪಶುವೈದ್ಯರಿಗೆ ಫೋನ್ ಮಾಡಿದೆವು. ತಳ ಗಟ್ಟಿಯಿರುವ ಅಗಲವಾದ ಬಾಕ್ಸು ಬೇಕಂತೆ, ಅವಿತುಕೊಳ್ಳಲು ಗೂಡು, ಓಡಲು ಚಕ್ರ. ಎಲ್ಲಕ್ಕಿಂತ ಮುಖ್ಯ, ಬೆಚ್ಚಗಿರಬೇಕಂತೆ. ಬಾಕ್ಸು ಬಂತು, ಚಕ್ರವೂ ಬಂತು. ವರಾಂಡ ಮಾತ್ರ ವರಾಂಡವೇ ತಾನೇ? ಅದೂ ಮಾಗಿ ಚಳಿ. ಒಂದು ಬೆಳಿಗ್ಗೆ ನೋಡಿದರೆ ಗುಂಡ ತಣ್ಣಗೆ ಮುದುಡಿಕೊಂಡು ಅಲುಗಾಡದೆ ಬಿದ್ದಿದ್ದ.

ಸ್ಫೂರ್ತಿ ಅವನನ್ನು ದುಪಟ್ಟಾದಲ್ಲಿ ಸುತ್ತಿ ಎದೆಗವಚಿಕೊಂಡು ಹೊಸಿಲಿನಾಚೆಯೇ ಕೂತಳು. ಕರೆದರೂ ಒಳಗೆ ಬರಲಿಲ್ಲ. ಮಳವಳ್ಳಿಗೆ ಫೋನ್ ಮಾಡಿ, "ಇವತ್ತೇ ಬಂದು ಗುಂಡನ್ನ ಕರ್ಕೊಂಡೋಗಪ್ಪ. ಇಲ್ಲಿ ಇವನಿಗೆ ಜಾಗ ಇಲ್ಲ" ಎಂದಳು.

ಕಾಫಿ ಲೋಟ ಹಿಡಿದು ಬಂದಿದ್ದ ಅತ್ತೆಗೂ ಅದು ಕೇಳಿಸಿತು. ಲೋಟವನ್ನು ಅವಳ ಪಕ್ಕದಲ್ಲಿಟ್ಟರು.

"ಏಳವ್ವ ಮ್ಯಾಕೆ. ಅದ್ನ ನನ್ ರೂಮ್ಗೆ ತಕ್ಕಬಾ. ಅಡ್ಗೆಮನೆ ಮಗ್ಲಲ್ಲದೆ, ಬೆಚ್ಚಗಿರ್ತದೆ."

"ಜಗಳ ಆದ್ರೆ ಅಜ್ಜಿ?"

"ಆದ್ರೆ ನನ್ ರೂಮಲ್ಲೇ ಆಗ್ಲಿ ಬುಡು. ಅಲ್ಲಿರದು ನಾನೊಬ್ಳೇ. ಯಾರ್ ಜೊತೆ ಜಗಳ ಆಡ್ಲಿ?"

ಗಮನಿಸಿ, ಅವರು ನಂಬಿಕೆಯನ್ನೇನೂ ಬಿಡಲಿಲ್ಲ. ಅದರ ಕೇಡನ್ನು ತಮ್ಮ ಪಾಲಿಗೆ ಎಳೆದುಕೊಂಡರು, ಅಷ್ಟೇ. ಸ್ಫೂರ್ತಿ ಎದ್ದು ಒಳಗೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಗುಂಡ ಮೆಲ್ಲಗೆ ಮೂತಿ ಹೊರಗೆ ಹಾಕಿದ. ಅವನನ್ನು ಕರೆದೊಯ್ಯಲು ಬಂದ ನಮ್ಮ ಬೀಗರು ಊಟ ಮಾಡಿಕೊಂಡು ಬರಿಗೈಯಲ್ಲಿ ವಾಪಸಾದರು.

ಸ್ಫೂರ್ತಿ ನಮ್ಮ ಮನೆ ಸೇರಿದ್ದು ಯಾವತ್ತು ಅಂತ ಈಗ ಯಾರಾದರೂ ಕೇಳಿದರೆ, ನಾನು ಮದುವೆಯ ದಿನ ಹೇಳುವುದಿಲ್ಲ.