ಊಹಿಸಬೇಡ ಎಂದು ಎಡಿಟರಿಗೆ ಹೇಳಿದ ಮೇಲೆ

ಜೋಳ ಅಳೆಯುವಾಗ ಅವ್ವ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. ಅದು ನಮ್ಮ ಕಡೆ ಎಲ್ಲರೂ ಅನ್ನುವುದೇ. ಮುಂದಿನ ಎಣಿಕೆ ಮಾತ್ರ ಅವಳದೇ, ಅಂಕಿಯ ಬದಲು ಮನೆಯಲ್ಲಿ ಅಷ್ಟೇ ಸಂಖ್ಯೆಯಲ್ಲಿರುವುದರ ಹೆಸರು. ಎರಡಕ್ಕೆ ಎತ್ತು, ಮೂರಕ್ಕೆ ಒಲಿಗುಂಡು, ಅಂದರೆ ಪಾತ್ರೆ ಹೊರುವ ಒಲೆಯ ಕಲ್ಲು. ನಾಲ್ಕಕ್ಕೆ ಹೊರಸಿನ, ಅಂದರೆ ಮಂಚದ ಕಾಲು ಎಂದು ನನ್ನ ನೆನಪು, ಆಕಳ ಕೆಚ್ಚಲ ಮಲಿ ಎಂದು ಅಕ್ಕನದು.

ಅವ್ವ ಈಗಿಲ್ಲ. ಅಕ್ಕ ದೇವದುರ್ಗದಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಈ ಎಣಿಕೆಯನ್ನು ಮಕ್ಕಳಿಗೆ ಕಲಿಸಬೇಕು ಎಂದು ಹೋದ ತಿಂಗಳು ಫೋನ್ ಮಾಡಿದಳು. ಅದು ಬರಹದಲ್ಲಿ ಇದ್ದದ್ದು ಒಂದೇ ಕಡೆ. ಮಾನ್ವಿಯ ಅಕ್ಕಿ ಗಿರಣಿಗೆ ಭತ್ತದ ಚೀಲ ಎಣಿಸುವ ಪ್ರೋಗ್ರಾಮನ್ನು ಹಿಂದೆ ನಾವಿಬ್ಬರೂ ಸೇರಿ ಬರೆದಿದ್ದೆವು. ಚೀಲ ಎಣಿಸುವ ಭಾಗದ ಮೇಲೆ, ಯಂತ್ರ ಓದದೆ ದಾಟಿಹೋಗುವ ಸಾಲುಗಳಲ್ಲಿ, ಅಕ್ಕ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎಣಿಕೆಯನ್ನು ಟೈಪ್ ಮಾಡಿದ್ದಳು. ನಾನೂ ಅಲ್ಲೇ ನಿಂತಿದ್ದೆ. ನಿಂತಿದ್ದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ನೀ ಎಲ್ಲಿ ಇದ್ದಿ, ಚಾ ತರಾಕ ಹೋಗಿದ್ದಿ ಅನ್ನುತ್ತಾಳೆ ಅಕ್ಕ.

ರಾಯಚೂರಿನ ನನ್ನ ಕೋಣೆಯಲ್ಲಿ ಫೈಲು ತೆರೆದೆ. ಲಾಭ ಇರಬೇಕಾದ ಜಾಗದಲ್ಲಿ ಮೂರು ಕರಿ ವಜ್ರ, ಒಂದು ಇಂಗ್ಲಿಷ್ ಎಸ್, ಮತ್ತೊಂದು ಕರಿ ವಜ್ರ. ಪ್ರತಿ ವಜ್ರದ ಹೊಟ್ಟೆಯಲ್ಲೂ ಒಂದು ಪ್ರಶ್ನೆ ಚಿಹ್ನೆ. ಮುಂದಿನ ಸಾಲುಗಳೂ ಹಾಗೇ.

ಮಾಡಿದ್ದು ನಾನೇ. ಆ ಕಾಲದ ಕನ್ನಡ ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಅಂಗಿ ತೊಡಿಸುತ್ತಿತ್ತು. ಈಗಿನ ಯೂನಿಕೋಡ್ ಬೇರೆ, ಅದರಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಜಾಗವಿದೆ. ಪ್ರೋಗ್ರಾಮು ಬರೆಯಲು, ತಿದ್ದಲು ನಾನು ಬಳಸುವ ಎಡಿಟರ್ ತಂತ್ರಾಂಶ ಪ್ರತಿ ಫೈಲು ತೆರೆಯುವಾಗಲೂ ಇದು ಯಾವ ಬಗೆಯದು ಎಂದು ತಾನೇ ಊಹಿಸುತ್ತಿತ್ತು. ಹೊಸ ಫೈಲುಗಳಲ್ಲಿ ಎರಡು ಸಲ ಊಹೆ ತಪ್ಪಿತು. ಸಿಟ್ಟು ಬಂದು ಸೆಟ್ಟಿಂಗಿಗೆ ಹೋಗಿ, ಊಹಿಸಬೇಡ, ಎಲ್ಲವೂ ಯೂನಿಕೋಡೇ ಅಂದುಕೋ ಎಂದು ಬದಲಿಸಿದೆ. ಆಮೇಲೆ ಒಂದು ದಿನ ಗಿರಣಿಯ ಹಳೆ ಫೈಲು ತೆರೆದು, ಕೆಳಗೆಲ್ಲೋ ಒಂದು ಸಾಲು ತಿದ್ದಿ, ಮೇಲೆ ನೋಡದೆ ಉಳಿಸಿದೆ. ಎಡಿಟರಿಗೆ ಅರ್ಥವಾಗದ್ದೆಲ್ಲ ವಜ್ರವಾಯಿತು, ವಜ್ರವೇ ಉಳಿಯಿತು. ಆಗ ಯಾವ ಸಾಲು ತಿದ್ದಿದೆ ಎಂಬುದೂ ಈಗ ನೆನಪಿಲ್ಲ.

ಅಕ್ಕನಿಗೆ ಹೇಳಿದೆ. ಆಕೆ ಬೈಯಲಿಲ್ಲ. ಮಾನ್ವಿಯ ಗಿರಣಿಯಲ್ಲಿ ಮೊದಲನೇ ಪ್ರತಿ ಇರಬಹುದು, ಹೋಗು ಎಂದಳು.

ಬಸ್ಸು ಹತ್ತಿದೆ. ಗಿರಣಿ ಮಾಲೀಕರು ಬರ್ರಿ ಎಂದು ಕೂರಿಸಿ, ಮೂಲೆಯ ಹಳೆ ಕಂಪ್ಯೂಟರಿನ ಮೇಲಿನ ತೌಡಿನ ಧೂಳು ಒರೆಸಿದರು. ಫೈಲು ಇತ್ತು. ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಸೆಟ್ಟಿಂಗನ್ನು ಮತ್ತೆ ಊಹಿಸು ಎಂಬಲ್ಲಿಗೆ ತಂದೆ. ಎಡಿಟರ್ ಅದನ್ನು ಚೀನೀ ಭಾಷೆ ಎಂದು ಊಹಿಸಿತು. ಯಾವ ಭಾಷಿರೀ ಇದು, ನಮ್ಮ ಭತ್ತ ಅಷ್ಟು ದೂರ ಹೋಗಂಗಿಲ್ಲ ಎಂದರು ಮಾಲೀಕರು. ಕೊನೆಗೆ ಬಗೆಯನ್ನು ಕೈಯಾರೆ ಆರಿಸಿ, ಹಳೆ ಫಾಂಟು ಕೊಟ್ಟೆ.

ಲಾಭ. ಎತ್ತು. ಒಲಿಗುಂಡು. ನಾಲ್ಕನೆಯದು ತೊಟ್ಟಿಲ ಹಗ್ಗ.

ಹೊರಸೂ ಅಲ್ಲ, ಆಕಳೂ ಅಲ್ಲ. ತೊಟ್ಟಿಲ ಹಗ್ಗ ಎಂದು ಅವ್ವ ಅಂದದ್ದು ನಾನು ಎಂದೂ ಕೇಳಿಲ್ಲ. ಆದರೆ ಓದಿದ ಕೂಡಲೇ ಅವಳ ದನಿಯಲ್ಲಿ ಕೇಳಿಸಿತು. ಅದನ್ನೂ ನಂಬಲಾರೆ. ಐದಕ್ಕೆ ಕೈ. ಆರಕ್ಕೆ ಯಾವ ಹೆಸರೂ ಇರಲಿಲ್ಲ, ಆ ಜಾಗದಲ್ಲಿ ಅಕ್ಕನ ಟಿಪ್ಪಣಿ ಇತ್ತು: ಅವ್ವ ಎದ್ದು ಹೋದಳು, ಉಳಿದದ್ದು ನಾಳೆ ಕೇಳಬೇಕು.

ಫೋನಿನಲ್ಲಿ ಓದಿ ಹೇಳಿದೆ. ನಾಲ್ಕನೆಯದನ್ನು ಅಕ್ಕ ಮತ್ತೊಮ್ಮೆ ಓದಿಸಿದಳು.

"ತೊಟ್ಟಿಲ ಹಗ್ಗ ಅಂತ ನಾ ಬರದೀನೇನು?"

"ಬರದದ ಇಲ್ಲಿ."

"ಮರುದಿನ ಕೇಳಿದ್ನೇನ್ ನಾನು, ಅವ್ವನ್ನ?"

ನನಗೇನು ಗೊತ್ತು, ನಾ ಚಾ ತರಾಕ ಹೋಗಿದ್ದೆ ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ. ಐದರ ತನಕ ಕಳಿಸು, ಅಷ್ಟೇ ಕಲಿಸ್ತೀನಿ ಎಂದು ಫೋನ್ ಇಟ್ಟಳು.

ಕಳಿಸಿದೆ. ಫೈಲು ಮುಚ್ಚುವಾಗ ಎಡಿಟರ್ ಕೇಳಿತು: ಬದಲಾವಣೆಗಳನ್ನು ಉಳಿಸಬೇಕೆ? ನಾನು ಏನನ್ನೂ ಬದಲಿಸಿರಲಿಲ್ಲ. ಬದಲಿಸಿರಲಿಲ್ಲ ಎಂದೇ ನನ್ನ ನೆನಪು. ಬೇಡ ಎಂದು ಒತ್ತಿದೆ.