ಎಡಗೈಯ ಲಕ್ಷ್ಮಿ

ಗುಡಗೇರಿಯ ಪೇಂಟರ್ ಹೊಳೆಪ್ಪ ಕಂಬಗಳಿಗೆ ಹೆಸರುವಾಸಿ. ನಾಟಕದ ಪರದೆಯ ಮೇಲೆ ತಾನು ಬರೆದ ಅರಮನೆಯ ಕಂಬಕ್ಕೆ ಜನ ಒರಗಿಕೊಳ್ಳಲು ಹೋಗುತ್ತಾರೆಂದು ಅವನೇ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ಮುಖ ಮಾತ್ರ ಅವನ ಕೈಗೆ ಒಲಿಯಲಿಲ್ಲ. ಅವನು ಬರೆದ ಸೀತೆಯೂ ದ್ರೌಪದಿಯೂ ಸೊಸೆಯ ಮೇಲೆ ಸಿಟ್ಟಾದ ಅತ್ತೆಯರ ಹಾಗೆ ಕಾಣುತ್ತಿದ್ದರು. ಮುಖಕ್ಕೆ ಗೆಳೆಯ ಮಲಿಕಸಾಬನೇ ಬೇಕು. ಅವನು ಬರೆದ ದೇವಿ ಇನ್ನೇನು ನಕ್ಕೇಬಿಟ್ಟಳು ಅನ್ನುವ ಹಾಗಿರುತ್ತಿದ್ದಳು.

ಇಬ್ಬರೂ ಹುಬ್ಬಳ್ಳಿಯಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಬಣ್ಣ ಅರೆದವರು, ಒಂದೇ ತಾಟಿನಲ್ಲಿ ಉಂಡವರು. ಇಪ್ಪತ್ತು ವರ್ಷ ಒಬ್ಬನ ಕಂಬ, ಇನ್ನೊಬ್ಬನ ಮುಖ; ಪರದೆಯ ಬುಡದಲ್ಲಿ ಇಬ್ಬರ ಹೆಸರೂ ಕೂಡಿಯೇ ಇರುತ್ತಿದ್ದವು.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಊರಿನ ನಾಟಕ ಮಂಡಳಿ ಹೊಸ ಪರದೆ ಮಾಡಿಸಲು ಹೊರಟಿತು. ರಂಗದ ಮುಂಭಾಗದ ಪರದೆಯ ನಡುವೆ ಆಳೆತ್ತರದ ಲಕ್ಷ್ಮಿ ಬರಬೇಕು. ಮಂಡಳಿಯ ಹಿರಿಯ, ಕಾಳಿನ ದಲಾಲಿ ಕುಬೇರಪ್ಪ ಕೆಲಸ ಹೇಳಲು ಬಂದವನು ಸುಮ್ಮನೆ ಹೋಗದೆ ಒಂದು ಚೇಷ್ಟೆಯ ಮಾತು ಆಡಿದ.

"ಹೊಳೆಪ್ಪಾ, ಮನಿ ಕಟ್ಟಾಂವ ನೀನು, ಖರೆ. ಆದ್ರ ಅದಕ್ಕ ಜೀವಾ ತುಂಬಾಂವ ಮಲಿಕಸಾಬ ನೋಡಪಾ."

ಎಲ್ಲರೂ ನಕ್ಕರು. ಹೊಳೆಪ್ಪನೂ ನಕ್ಕ. ಆದರೆ ಆ ಮಾತು ಕಣ್ಣಿಗೆ ಬಿದ್ದ ಕಸದಂತೆ ಅವನನ್ನು ಕಾಡಿತು. ಎಂದೂ ಇಲ್ಲದವನು ಅಂದುಬಿಟ್ಟ: "ಈ ಸಲ ಮುಖಾನೂ ನಾನ ಬರೀತೇನ್ರಿ. ಅವಗ್ಯಾಕ ತ್ರಾಸು?"

ಪಕ್ಕದಲ್ಲೇ ಕೂತಿದ್ದ ಮಲಿಕಸಾಬ ಗೆಳೆಯನ ಮುಖವನ್ನೊಮ್ಮೆ ನೋಡಿದ. "ಬರೀಲಿ ಬಿಡ್ರಿ. ನನಗೂ ಅಣ್ಣಿಗೇರಿಗೆ ತಂಗಿ ಮಗಳ ಮದವಿಗೆ ಹೋಗೂದೈತಿ" ಎಂದು ಎದ್ದುಹೋದ.

ಬಾಯಿ ಅಂದಿತು, ಕೈ ಕೇಳಬೇಕಲ್ಲ! ಹೊಳೆಪ್ಪ ಮೂರು ಸಲ ಲಕ್ಷ್ಮಿಯನ್ನು ಬರೆದ, ಮೂರು ಸಲ ಅಳಿಸಿದ. ಮೂರು ಸಲವೂ ಅತ್ತೆಯೇ ಬಂದಳು. ನಾಲ್ಕನೆಯ ದಿನ ನಾಚಿಕೆ ಬಿಟ್ಟು ಮಲಿಕಸಾಬನ ಮನೆಗೆ ಹೋದ. ಮಲಿಕಸಾಬ ಮದುವೆಗೆ ಹೋಗಿದ್ದ; ಹೆಂಡತಿ ರಹೀಮಾಬಿ ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ಆ ಜ್ವರದಲ್ಲೂ ಎದ್ದು ಚಹಾ ಮಾಡಿಕೊಟ್ಟಳು.

"ಲಕ್ಷ್ಮೀ ಕಾಗದಾ ಒಯ್ಯಿ ಅಂತ ಮಲಿಕಸಾಬ ಹೇಳಿ ಹೋಗ್ಯಾನ ತಂಗಿ" ಎಂದ ಹೊಳೆಪ್ಪ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೆದರಿಕೆಯಾಯಿತು.

"ನಿಮಗಿಲ್ಲದ್ದೇನು ಹೊಳೆಪ್ಪಣ್ಣಾ" ಎಂದು ಅವಳು ಪೆಟ್ಟಿಗೆ ತೆರೆದು ಸುರುಳಿ ತೆಗೆದುಕೊಟ್ಟಳು.

ಆ ಕಾಗದ ಮಲಿಕಸಾಬನ ಆಸ್ತಿ. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಹೊಡೆದಿದ್ದ. ಬಟ್ಟೆಯ ಮೇಲೆ ಹಾಸಿ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಸಾಕು, ಕೆಳಗೆ ಚುಕ್ಕೆ ಚುಕ್ಕೆಯಾಗಿ ಲಕ್ಷ್ಮಿ ಇಳಿಯುತ್ತಾಳೆ. ಪೇಂಟರುಗಳು ಹೆಂಡತಿಯ ತಾಳಿ ಕೊಟ್ಟಾರು, ಇಂಥ ಕಾಗದ ಕೊಡಲಾರರು.

ಹೊಳೆಪ್ಪ ಕುಬೇರಪ್ಪನ ಗೋದಾಮಿನ ಬಾಗಿಲು ಹಾಕಿಕೊಂಡು ಗಡಿಬಿಡಿಯಲ್ಲಿ ತಟ್ಟಿದ. ಇದ್ದಿಲು ಕುಡಿದು ಕಾಗದದ ಎರಡೂ ಮಗ್ಗುಲು ಕಪ್ಪಾಗಿ, ಯಾವುದು ಮೇಲಿನದು ಎಂದು ತಿಳಿಯುವಂತಿರಲಿಲ್ಲ. ಅವನು ಹಾಸಿದ್ದು ಬೋರಲಾಗಿ. ಪರದೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ಕೂತು ಬರೆಯುವ ಕೆಲಸ ಇದು. ಒಮ್ಮೆಗೆ ಮೊಳದಷ್ಟು ಜಾಗ ಕಂಡರೆ ಹೆಚ್ಚು. ಮುಖ ನಗುತ್ತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು. ಬುಡದಲ್ಲಿ ಒಂದೇ ಹೆಸರು ಬರೆದ.

ಸಂತೆಯ ದಿನ ಮುಂಜಾನೆ ಊರ ಅಗಸಿಬಾಗಿಲ ಮುಂದೆ ಪರದೆ ಏರಿಸಿದರು. ಜನ ಬಾಯಿ ತೆರೆದು ನೋಡಿದರು. ಮುದುಕಿ ಸಾವಿತ್ರೆವ್ವ ಕೈ ಮುಗಿಯಲು ಹೋದವಳು ಅರ್ಧಕ್ಕೇ ನಿಂತಳು.

"ಅಯ್ಯ ನಮ್ಮವ್ವ! ತಾಯಿ ಎಡಗೈಲೆ ಆಶೀರ್ವಾದ ಮಾಡಾಕತ್ತಾಳಲ್ಲೋ!"

ಮೊದಲು ನಗೆ ಎದ್ದಿತು, ಆಮೇಲೆ ಸಿಟ್ಟು. ಅಪಶಕುನ ಎಂದರು ಕೆಲವರು. ಆಗಲೇ ರೈಲಿನಿಂದ ಇಳಿದು ಬಂದ ಮಲಿಕಸಾಬ ಕೈಚೀಲ ಹಿಡಿದು ಗುಂಪಿನಲ್ಲಿ ನಿಂತಿದ್ದ. ತನ್ನ ಲಕ್ಷ್ಮಿ ತಿರುಗಿ ನಿಂತದ್ದನ್ನು ನೋಡಿದ, ಹೊಳೆಪ್ಪನನ್ನು ನೋಡಿದ. ತಾಯಿಗೆ ಮಗುವಿನ ಗುರುತು ಹೇಳಿಕೊಡಬೇಕೆ?

"ತಪ್ಪ ನಂದ್ರಿ" ಎಂದ ಮಲಿಕಸಾಬ. "ಕಾಗದಾ ನಾನ ಕೊಟ್ಟಿದ್ದೆ. ಯಾವ ಮಗ್ಗಲ ಮ್ಯಾಲ ಬರಬೇಕು ಅಂತ ಗುರ್ತ ಹಾಕಿರಲಿಲ್ಲ."

ಕುಬೇರಪ್ಪ ತಿರುಗಿದ. "ಹೌದೇನೋ ಹೊಳೆಪ್ಪಾ?"

ಹೊಳೆಪ್ಪನಿಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಅಲ್ಲ ಎನ್ನಲು ಅಷ್ಟು ಸಾಕಿತ್ತು.

"ಹೌದ್ರಿ" ಎಂದ.

ಗುಂಪಿನಲ್ಲಿ ಯಾರೋ ಅಂದರು: "ಬಿಡ್ರಿ, ನಮ್ಮ ದೇವರ ಎಡಾ ಬಲಾ ಅವರಿಗೇನ ತಿಳೀತೈತಿ?"

ಯಾವ ದೇವರ ಯಾವ ಕೈಯಲ್ಲಿ ಶಂಖ, ಯಾವುದರಲ್ಲಿ ಚಕ್ರ ಎಂದು ಹೊಳೆಪ್ಪನಿಗೆ ಹೇಳಿಕೊಟ್ಟವನೇ ಮಲಿಕಸಾಬ. ಅದು ಹೊಳೆಪ್ಪನಿಗೆ ಗೊತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಮಲಿಕಸಾಬ ಪರದೆ ಇಳಿಸಿಕೊಂಡು ಎಡಗೈಗೆ ಕಮಲ ಕೊಟ್ಟ, ಬಲಗೈಯನ್ನು ಎತ್ತಿ ಆಶೀರ್ವಾದಕ್ಕೆ ತಂದ. ಮಧ್ಯಾಹ್ನಕ್ಕೆಲ್ಲ ಮುಗಿಯಿತು. ಬುಡದಲ್ಲಿದ್ದ ಹೆಸರನ್ನು ಮುಟ್ಟಲಿಲ್ಲ.

ಆ ಒಂದು "ಹೌದ್ರಿ" ಊರಲ್ಲಿ ಬೇರು ಬಿಟ್ಟಿತು. ಗುಡಿಯ ಗೋಡೆ, ದೇವರ ಪಲ್ಲಕ್ಕಿ, ಮನೆಯ ಬಾಗಿಲ ಮೇಲಿನ ಗಣಪತಿ, ಎಲ್ಲ ಹೊಳೆಪ್ಪನ ಪಾಲಿಗೆ ಬಂದವು. ಮಲಿಕಸಾಬನಿಗೆ ಉಳಿದದ್ದು ಸೈಕಲ್ ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ನಂಬರು. ಕೈಮುಗಿದು ಬೇಡವೆನ್ನಬಹುದಿತ್ತು ಹೊಳೆಪ್ಪ. ಒಂದೂ ಬಿಡದೆ ಒಪ್ಪಿಕೊಂಡ. ಊರಿನ ಅರ್ಧ ದೇವತೆಗಳಿಗೆ ಅತ್ತೆಯ ಮುಖ ಬಂತು, ಆದರೆ ಕೈಗಳು ಸರಿಯಾಗಿದ್ದವೆಂದು ಜನ ಸುಮ್ಮನಿದ್ದರು.

ಮಾತು ಬಿಡಲಿಲ್ಲ ಇಬ್ಬರೂ. ಹೊಳೆಪ್ಪನಿಗೆ ಅದೇ ದೊಡ್ಡ ಶಿಕ್ಷೆಯಾಯಿತು. ಮೂರು ವರ್ಷದ ಮೇಲೆ, ಸ್ಟೇಶನ್ನಿನ ಬಾಜು ಚಹಾದಂಗಡಿಯಲ್ಲಿ ಕೂತಿದ್ದಾಗ ಹೊಳೆಪ್ಪನಿಗೆ ತಡೆಯಲಾಗಲಿಲ್ಲ.

"ಅವತ್ತ ತಪ್ಪ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ ಮಲಿಕಾ? ನಾ ಕದ್ದಿದ್ದು ನಿನಗ ಗೊತ್ತಿತ್ತಲ್ಲ?"

ಮಲಿಕಸಾಬ ಕಪ್ಪಿನಿಂದ ಬಸಿಗೆ ಸುರುವಿಕೊಂಡ ಚಹಾ ಊದಿದ. ಅವನ ಉಗುರಿನ ಸಂದಿಯಲ್ಲಿ ಬೋರ್ಡಿನ ಕರಿ ಬಣ್ಣ ಇನ್ನೂ ಇತ್ತು.

"ಇಪ್ಪತ್ತ ವರ್ಷದ ದೋಸ್ತಿ ಲೇ" ಎಂದ. "ನಾ ಹಂಗಂದ ಕೂಡ್ಲೆ ನೀ ಅಡ್ಡ ಬಂದು 'ಅಲ್ರಿ' ಅಂತೀ ಅಂತ ತಿಳದಿದ್ದೆ."