ಅರವತ್ತೆರಡು ಕೊಳವೆ ತುಂಡುಗಳು

ಶಿಪ್‌ಯಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವಳು ನಲವತ್ತೊಂದು. ಅಲ್ಲಿ ಬೆಸುಗೆ ಹಾಕುವ ಪ್ರತಿಯೊಬ್ಬರಿಗೂ ಒಂದು ಉಕ್ಕಿನ ಅಚ್ಚು ಕೊಡುತ್ತಾರೆ. ಬೆಸುಗೆ ಮುಗಿದ ಮೇಲೆ ಅದರ ಪಕ್ಕದಲ್ಲೇ ಸುತ್ತಿಗೆಯಿಂದ ತಮ್ಮ ಅಂಕಿ ಒತ್ತಬೇಕು. ಮುಂದೆ ಬೆಸುಗೆ ಬಿಟ್ಟರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಕಬ್ಬಿಣವೇ ಹೇಳುತ್ತದೆ. ಹನ್ನೊಂದು ವರ್ಷದಲ್ಲಿ ಅವಳ ಕುತ್ತಿಗೆಗೆ ಯಾರೂ ಕೈ ಹಾಕಿರಲಿಲ್ಲ.

ಸರ್ಕಾರದ ಕಾವಲು ಹಡಗು ಮೂರು ವರ್ಷ ತಡವಾಗಿ, ಖರ್ಚು ದುಪ್ಪಟ್ಟು ದಾಟಿದಾಗ ಮೇಲಿನವರು ಕಾರಣ ಕೇಳಿದರು. ಮ್ಯಾನೇಜರ ಒಂದೇ ಸಾಲು ಬರೆದು ಕೈತೊಳೆದುಕೊಂಡ: ಇಂಜಿನ್ ಕೋಣೆಯಲ್ಲಿ ನಲವತ್ತೊಂದನೇ ವೆಲ್ಡರ್ ಹಾಕಿದ ಬೆಸುಗೆ ಕಳಪೆ, ಹಾಗಾಗಿ ಕೊಳವೆಗಳನ್ನು ಕಿತ್ತು ಹೊಸದಾಗಿ ಹಾಕಬೇಕಾಯಿತು. ಅವತ್ತೇ ಅವಳ ಅಚ್ಚು ಕಸಿದುಕೊಂಡು ಗುಜರಿ ಅಂಗಳಕ್ಕೆ ತಳ್ಳಿದರು. ತನಿಖೆಯಲ್ಲೂ ತಪ್ಪು ಅವಳದೇ ಎಂದಾದರೆ ಕೆಲಸವೂ ಹೋದಂತೆಯೇ.

ಸಂಜೆ ಅತ್ತೆ ಮೊಮ್ಮಗಳ ತಲೆ ಬಾಚುತ್ತಾ ಕೇಳಿದರು, "ಅಲ್ವೇ, ಹಡಗು ನಿನ್ನಿಂದ ನಿಂತೋಯ್ತಂತೆ? ನಮ್ಮನೆ ನಲ್ಲಿ ಸೋರೋದು ನಿಲ್ಸೋಕೆ ಆಗಿಲ್ಲ ನಿನ್ ಕೈಲಿ, ಅಷ್ಟು ದೊಡ್ಡ ಹಡಗು ಹೆಂಗೆ ನಿಲ್ಸಿದೆ?"

"ನಗಿ ಅತ್ತೆ, ನಗಿ. ಆ ಮ್ಯಾನೇಜರನಿಗೆ ನೀರಿಳಿಸ್ದೆ ಬಿಡಲ್ಲ ನಾನು."

ಮೂರನೆಯ ದಿನ ಗುಜರಿ ರಾಶಿಯೊಳಗೆ ಒಂದು ಕೊಳವೆ ತುಂಡಿನ ಮೇಲೆ ತನ್ನದೇ ಅಂಕಿ ಕಣ್ಣಿಗೆ ಬಿತ್ತು. ಕೈಗವಸಿನಿಂದ ಒರೆಸಿದಳು. ಪಕ್ಕದಲ್ಲಿ, ಎಕ್ಸ್‌ರೇ ಪರೀಕ್ಷೆಯಲ್ಲಿ ಪಾಸಾದ ಬೆಸುಗೆಗೆ ಬಳಿಯುವ ಹಸಿರು ಬಣ್ಣ. ಬೆಸುಗೆ ಕೆಟ್ಟಿದ್ದರೆ ಬೆಸುಗೆಯ ಮೇಲೇ ಕೊಯ್ಯುತ್ತಾರೆ. ಇದನ್ನು ಕೊಯ್ದದ್ದು ಒಂದು ಮೊಳ ಆಚೆ. ಬೆಸುಗೆ ನಿದ್ದೆ ಹೋದ ಕೂಸಿನಂತೆ ಒಂದು ಗೀರೂ ಇಲ್ಲದೆ ಮಲಗಿತ್ತು.

ಇಂಜಿನ್ ಕೋಣೆಯಲ್ಲಿ ತಾನೇ ಕಂಡದ್ದೆಲ್ಲ ನೆನಪಾಗಿ ಅವಳಿಗೆ ಎಲ್ಲವೂ ಹೊಳೆಯಿತು. ಯಾವ ಇಂಜಿನ್ ಎಂದು ಸರ್ಕಾರ ತೀರ್ಮಾನಿಸುವ ಮೊದಲೇ, ಕೆಲಸ ಅರ್ಧ ಮುಗಿಯಿತೆಂದು ತೋರಿಸಿಕೊಳ್ಳಲು ಮ್ಯಾನೇಜರ ಕೊಳವೆ ಹಾಕಿಸಿದ್ದ. ಬಂದ ಇಂಜಿನ್ನೇ ಬೇರೆ. ಅದಕ್ಕೆ ಕೊಳವೆ ಅಡ್ಡವಾಯಿತು, ಕೊಯ್ಸಿ ಎಸೆದ.

ಅವಳು ಕೂಗಾಡಲಿಲ್ಲ. ಎರಡು ತಿಂಗಳು ದಿನಕ್ಕೊಂದು ಎರಡರಂತೆ ತುಂಡು ಹುಡುಕಿ ಟಾರ್ಪಾಲಿನ ಕೆಳಗೆ ಜೋಡಿಸಿದಳು. ಅರವತ್ತೆರಡಾದವು.

ಮೇಸ್ತ್ರಿಗೆ ವಾಸನೆ ಹತ್ತಿತು. "ನೋಡು ನಲವತ್ತೊಂದು, ಅಚ್ಚು ವಾಪಸ್ ಕೊಡ್ತಾರಂತೆ ಸಾಹೇಬ್ರು. ಅವನ್ನ ಕರಗ್ಸೋಕೆ ಕಳಿಸ್ಬಿಡು. ಮಗು ಇದೆ ನಿಂಗೆ."

"ಮಗು ಇರೋದ್ರಿಂದ್ಲೇ ಮೇಸ್ತ್ರಿ. ನಿಮ್ಮಮ್ಮ ಹಡಗು ಕೆಡ್ಸಿದ್ಲಂತೆ ಅಂತ ಅದು ಶಾಲೇಲಿ ಕೇಳಿಸ್ಕೋಬೇಕಾ?"

ತನಿಖೆಯ ದಿನ ಗೇಟಿನಿಂದ ಹಡಗಿನವರೆಗೆ ದಾರಿಯುದ್ದಕ್ಕೂ ತುಂಡುಗಳು ಸಾಲಾಗಿ ಕೂತಿದ್ದವು, ಅಂಕಿ ಮೇಲೆ ಮಾಡಿಕೊಂಡು.

"ಯಾರ್ರೀ ದಾರೀಲಿ ಗುಜರಿ ಹರಡಿರೋದು?" ಮ್ಯಾನೇಜರ ಗದರಿದ.

"ಗುಜರಿ ಅಲ್ಲ ಸಾರ್, ನನ್ನ ಕಳಪೆ ಬೆಸುಗೆ. ಮೇಡಂ ನೋಡ್ಲಿ ಅಂತ ಇಟ್ಟೆ."

ತಲೆ ನರೆತ ತನಿಖಾಧಿಕಾರಿ ಬಗ್ಗಿ ಹಸಿರು ಬಣ್ಣ ಮುಟ್ಟಿದರು, ಕೊಯ್ದ ತುದಿಯವರೆಗೆ ಬೆರಳು ಎಳೆದರು. "ಬೆಸುಗೆ ಕೆಟ್ಟಿದ್ರೆ ಇಲ್ಲಿ ಯಾಕೆ ಕೊಯ್ದ್ರಿ?"

"ಅದು ಮೇಡಂ, ಇಂಜಿನ್ನಿಗೆ ಅಡ್ಡ ಬರ್ತಿತ್ತು." ಮಾತು ಬಾಯಿಂದ ಬಿದ್ದ ಮೇಲೆ ಮ್ಯಾನೇಜರನಿಗೆ ತಾನು ಸಿಕ್ಕಿಬಿದ್ದದ್ದು ಅರಿವಾಯಿತು.

"ಕೊಯ್ಯಿ ಅಂದಿದ್ದು ಯಾರು?"

ಅವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಆಕಾಶ ನೋಡಿದ.

"ಈಕೆ ಅಂಕಿ ಎಲ್ಲದರ ಮೇಲೂ ಇದೆ. ನಿಮ್ದು ಎಲ್ಲೂ ಕಾಣ್ತಿಲ್ವಲ್ರೀ. ಒಂದೊಂದರ ಮೇಲೂ 'ಕೊಯ್ಸಿದ್ದು ನನ್ನ ಆದೇಶ' ಅಂತ ಬರೆದು ನಿಮ್ಮ ಸಹಿ ಹಾಕಿ. ಸಾಕ್ಷಿಗೆ ಬೇಕು."

ಬಿಳಿ ಬಣ್ಣ, ಕುಂಚ ಅವಳೇ ತಂದುಕೊಟ್ಟಳು. ಇಸ್ತ್ರಿ ಪ್ಯಾಂಟು ಮಡಿಚಿಕೊಂಡು ಮ್ಯಾನೇಜರ ಕುಕ್ಕರಗಾಲಲ್ಲಿ ಕೂತ. ಯಂತ್ರಗಳು ಒಂದೊಂದಾಗಿ ನಿಂತವು. ಯಾರ್ಡಿನವರೆಲ್ಲ ಸುತ್ತ ಸೇರಿದರು. ಹನ್ನೆರಡನೆಯದು ಮುಗಿಸಿ ಅವನು ಸೊಂಟ ಹಿಡಿದುಕೊಂಡು ಎದ್ದ. "ಉಳಿದದ್ದು ನಾಳೆ..."

ಅವಳು ಒಂದು ಬಕೆಟ್ಟು ಬೋರಲು ಹಾಕಿ, ಬಟ್ಟೆಯಿಂದ ಒರೆಸಿ, ಅವನ ಮುಂದಿಟ್ಟಳು.

"ಕೂತ್ಕೊಂಡೇ ಬರೀರಿ ಸಾರ್. ಇನ್ನೂ ಐವತ್ತಿವೆ."